ಎಂಜಿನಿಗೆ ಶ್ರುತಿ ಸೇರಿಸುವುದು

ವೀಣೆಯ ತಂತಿಗಳು ಎಷ್ಟೇ ಉತ್ತಮವಾಗಿದ್ದರೂ ಶ್ರುತಿ ಸೇರಿಸದೆ ಮೀಟಿದರೆ ನಾದವು ಹೊರಡದು. ಪೆಟ್ರೋಲು ಎಂಜಿನಿನ ಸಂಗತಿಯೂ ಹೀಗೆಯೇ. ಅದರ ಭಾಗಗಳೆಲ್ಲ ಗಟ್ಟಿಮುಟ್ಟಾಗಿದ್ದರೂ, ಸಿಲಿಂಡರಿನೊಳಕ್ಕೆ ಹೋಗುವ ಪೆಟ್ರೋಲು ಮತ್ತು ಗಾಳಿಗಳ ಪ್ರಮಾಣವು ಸರಿಯಾಗಿಲ್ಲದಿದ್ದರೆ, ಅಥವಾ ಅವನ್ನು ಹೊತ್ತಿಸುವ ಕಿಡಿಯು ತಕ್ಕ ಕ್ಷಣದಲ್ಲಿ ಹಾರದಿದ್ದರೆ, ಎಂಜಿನು ಏದುತ್ತದೆ, ಕರಿಹೊಗೆಯುಗುಳುತ್ತದೆ. ಕೆಲವು ವೇಳೆ ತನ್ನನ್ನು ತಾನೇ ಹಾಳುಮಾಡಿಕೊಳ್ಳುವುದೂ ಉಂಟು. ಈ ಎರಡನ್ನೂ ಹದಕ್ಕೆ ತರುವ ಕೆಲಸಕ್ಕೆ ಮೆಕ್ಯಾನಿಕರು ‘ಟ್ಯೂನಿಂಗ್’ ಎನ್ನುತ್ತಾರೆ. ಶ್ರುತಿ ಸೇರಿಸುವುದು ಎಂದೇ ಆ ಮಾತಿನ ಅರ್ಥ.

ಇಂದಿನ ಕಾರುಗಳಲ್ಲಿ ಈ ಕೆಲಸವನ್ನು ಒಂದು ಸಣ್ಣ ಗಣಕಯಂತ್ರವು ಪ್ರತಿಕ್ಷಣವೂ ತಾನಾಗಿಯೇ ಮಾಡುತ್ತಿರುತ್ತದೆ. ಅದು ಮಾಡುವುದು ನಮ್ಮ ಕಣ್ಣಿಗೆ ಕಾಣದು. ಹಳೆಯ ಕಾರುಗಳಲ್ಲಾದರೋ ಅದೇ ಕೆಲಸವನ್ನು ಸೂಜಿ, ಸ್ಪ್ರಿಂಗು, ತೂಕದ ಗುಂಡುಗಳು ಮತ್ತು ಒಂದು ಸುರುಳಿ ತಂತಿ ಸೇರಿ ನೆರವೇರಿಸುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪಾಠಗಳನ್ನು ಓದಿರುವ ವಿದ್ಯಾರ್ಥಿಗೆ ಅವು ತೆರೆದಿಟ್ಟ ಪುಸ್ತಕದಂತಿವೆ. ಆದುದರಿಂದ ನಾವು ಒಂದು ಹಳೆಯ ಎಂಜಿನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ ೧೯೬೨ರಿಂದ ೧೯೮೦ರವರೆಗೆ ತಯಾರಾದ ‘ಎಂಜಿಬಿ’ ಎಂಬ ಸ್ಪೋರ್ಟ್ಸ್ ಕಾರು ಲೋಕಪ್ರಸಿದ್ಧವಾದುದು. ಅದರ ನಾಲ್ಕು ಸಿಲಿಂಡರಿನ ಎಂಜಿನಿನ ಗಾತ್ರ ೧೭೯೮ ಘನ ಸೆಂಟಿಮೀಟರು. ಸಿಲಿಂಡರಿನ ವ್ಯಾಸ ಸುಮಾರು ೮೦.೩ ಮಿಲಿಮೀಟರು, ಪಿಸ್ಟನ್ನಿನ ನಡೆ ೮೮.೯ ಮಿಲಿಮೀಟರು. ಮೊದಲ ವರ್ಷಗಳ ಕಾರುಗಳಲ್ಲಿ ಎಸ್‌ಯು ಸಂಸ್ಥೆಯ ‘ಎಚ್‌ಎಸ್-೪’ ಎಂಬ ಎರಡು ಕಾರ್ಬುರೇಟರುಗಳೂ, ಲೂಕಸ್ ಸಂಸ್ಥೆಯ ಡಿಸ್ಟ್ರಿಬ್ಯೂಟರೂ ಇದ್ದುವು. ಹೀಗೆ ಸಜ್ಜಾದ ಎಂಜಿನು ನಿಮಿಷಕ್ಕೆ ೫೪೦೦ ಸುತ್ತು ತಿರುಗುವಾಗ ೯೫ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಮುಂದೆ ಕೊಟ್ಟಿರುವ ಅಳತೆಗಳೆಲ್ಲ ಈ ಎಂಜಿನಿಗೆ ಸಂಬಂಧಿಸಿದವು.

ಬೆರಕೆಯ ಲೆಕ್ಕ

ಪೆಟ್ರೋಲು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಒಂದು ಮಿಶ್ರಣ. ಅದರಲ್ಲಿ ಆಕ್ಟೇನನ್ನೇ ನೋಡೋಣ. ಎರಡು ಅಣು ಆಕ್ಟೇನು ಪೂರ್ತಿಯಾಗಿ ಉರಿಯಬೇಕಾದರೆ ಇಪ್ಪತ್ತೈದು ಅಣು ಆಮ್ಲಜನಕ ಬೇಕು. ಆಗ ಹದಿನಾರು ಅಣು ಇಂಗಾಲದ ಡೈ ಆಕ್ಸೈಡೂ ಹದಿನೆಂಟು ಅಣು ನೀರೂ ಉಂಟಾಗುತ್ತವೆ. ತೂಕದಲ್ಲಿ ಹೇಳುವುದಾದರೆ ೨೨೮ ಭಾಗ ಆಕ್ಟೇನಿಗೆ ೮೦೦ ಭಾಗ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು ೨೩ ಭಾಗ ಮಾತ್ರ ಇರುವುದರಿಂದ, ಒಂದು ಭಾಗ ಆಕ್ಟೇನಿಗೆ ಸುಮಾರು ೧೫ ಭಾಗ ಗಾಳಿ ಬೇಕಾಯಿತು. ಮಾರುಕಟ್ಟೆಯ ಶುದ್ಧ ಪೆಟ್ರೋಲಿಗೆ ಈ ಪ್ರಮಾಣವನ್ನು ೧೪.೭ ಎಂದು ಹಿಡಿಯುವುದು ವಾಡಿಕೆ.

ಈ ಲೆಕ್ಕವನ್ನು ನಮ್ಮ ಎಂಜಿನಿಗೆ ಅನ್ವಯಿಸೋಣ. ಒಂದು ಸಿಲಿಂಡರು ಹಿಡಿಯುವುದು ಸುಮಾರು ೪೫೦ ಘನ ಸೆಂಟಿಮೀಟರು. ಅಷ್ಟು ಗಾಳಿಯ ತೂಕ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ಅದಕ್ಕೆ ತಕ್ಕ ಪೆಟ್ರೋಲು ಒಂದು ಗ್ರಾಮಿನ ನೂರರಲ್ಲಿ ನಾಲ್ಕು ಭಾಗಕ್ಕಿಂತ ಕಡಿಮೆ, ಎಂದರೆ ಹೆಚ್ಚು ಕಡಿಮೆ ಒಂದೇ ಒಂದು ಹನಿ! ಎಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳೂ ಸೇರಿ ನಿಮಿಷಕ್ಕೆ ೬೦೦೦ ಸಲ ಉಸಿರೆಳೆದುಕೊಳ್ಳುತ್ತವೆ. ಪ್ರತಿ ಉಸಿರಿಗೂ ತಪ್ಪದೆ ಒಂದೊಂದು ಹನಿಯನ್ನು ಅಳೆದು, ಮಂಜಿನಂತೆ ಪುಡಿಮಾಡಿ ಬೆರೆಸಬೇಕು. ಕಾರ್ಬುರೇಟರು ಮಾಡುವ ಕೆಲಸ ಇದು.

ಪೆಟ್ರೋಲು ಹೆಚ್ಚಾದ ಬೆರಕೆಯನ್ನು ದಟ್ಟ ಬೆರಕೆಯೆಂದೂ, ಕಡಿಮೆಯಾದುದನ್ನು ತೆಳು ಬೆರಕೆಯೆಂದೂ ಕರೆಯೋಣ. ದಟ್ಟ ಬೆರಕೆಯಲ್ಲಿ ಆಮ್ಲಜನಕವು ಸಾಲದೆ ಇಂಗಾಲವು ಅರೆಬರೆಯಾಗಿ ಉರಿದು ಮಸಿಯೂ, ವಿಷಾನಿಲವಾದ ಇಂಗಾಲದ ಮಾನಾಕ್ಸೈಡೂ ಉಂಟಾಗುತ್ತವೆ. ಅತಿ ತೆಳುವಾದ ಬೆರಕೆಯು ನಿಧಾನವಾಗಿ ಉರಿಯುತ್ತದೆ. ಎಂಜಿನು ಕಾವೇರುತ್ತದೆ, ಎಳೆತವು ಕುಗ್ಗುತ್ತದೆ.

ಸೂಜಿಯೂ ಗಾಳಿ ಪಿಸ್ಟನ್ನೂ

ಎಸ್‌ಯು ಎಂಬ ಹೆಸರು ‘ಸ್ಕಿನ್ನರ್ಸ್ ಯೂನಿಯನ್’ ಎಂಬುದರ ಮೊದಲಕ್ಷರಗಳಿಂದ ಬಂದುದು. ಸ್ಕಿನ್ನರ್ ಮನೆತನದವರು ಪಾದರಕ್ಷೆಯ ವ್ಯಾಪಾರಿಗಳು. ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಮೊದಲ ಕಾರ್ಬುರೇಟರಿನಲ್ಲಿ ತೊಗಲಿನ ತಿದಿಯೊಂದಿತ್ತೆಂಬುದು ಸ್ವಾರಸ್ಯದ ಸಂಗತಿ. ಮುಂದೆ ತಿದಿಯ ಸ್ಥಾನಕ್ಕೆ ಲೋಹದ ಪಿಸ್ಟನ್ನು ಬಂದಿತು. ಎಂಜಿನಿನ ಪಿಸ್ಟನ್ನಿನೊಡನೆ ಗೊಂದಲವಾಗದಿರಲೆಂದು ಇದನ್ನು ನಾವು ಗಾಳಿ ಪಿಸ್ಟನ್ನು ಎನ್ನೋಣ.

ಕಾರ್ಬುರೇಟರಿನ ಕೊಳವೆಯಲ್ಲಿ ಎಂಜಿನಿನ ಕಡೆಗೆ ಒಂದು ಥ್ರಾಟಲ್ ತಟ್ಟೆಯಿದೆ. ಚಾಲಕನು ಕಾಲಿನಿಂದ ತುಳಿದಾಗ ತೆರೆಯುವುದು ಇದೇ. ಅದರ ಹೊರಗಡೆ, ಗಾಳಿಯ ದಾರಿಗೆ ಅಡ್ಡವಾಗಿ, ಮೇಲಕ್ಕೂ ಕೆಳಕ್ಕೂ ಸರಾಗವಾಗಿ ಜಾರುವಂತೆ ಗಾಳಿ ಪಿಸ್ಟನ್ನು ಕುಳಿತಿದೆ. ಅದರ ಮೇಲಣ ಗುಮ್ಮಟಕ್ಕೂ, ಪಿಸ್ಟನ್ನಿಗೂ ಥ್ರಾಟಲಿಗೂ ನಡುವಿನ ಜಾಗಕ್ಕೂ ಸಣ್ಣ ರಂಧ್ರಗಳ ಮೂಲಕ ಸಂಪರ್ಕವಿದೆ. ಥ್ರಾಟಲು ತೆರೆದಾಗ ಎಂಜಿನಿನ ಹೀರುವಿಕೆಯಿಂದ ಗುಮ್ಮಟದಲ್ಲಿ ಒತ್ತಡವು ಇಳಿಯುತ್ತದೆ. ಕೆಳಗಿನ ಹೊರಗಾಳಿಯ ಒತ್ತಡವು ಪಿಸ್ಟನ್ನನ್ನು ಎತ್ತುತ್ತದೆ. ಪಿಸ್ಟನ್ನು ಏರಿದಷ್ಟೂ ಗಾಳಿಗೆ ದಾರಿ ಅಗಲವಾಗುತ್ತದೆ. ಅದರ ತೂಕ, ಸ್ಪ್ರಿಂಗಿನ ಒತ್ತು ಮತ್ತು ಹೀರುವಿಕೆ ಇವು ಮೂರೂ ಸಮನಾದ ಎತ್ತರದಲ್ಲಿ ಅದು ನಿಲ್ಲುತ್ತದೆ. ಇದರ ಫಲವಾಗಿ ಎಂಜಿನು ಎಷ್ಟೇ ಗಾಳಿಯನ್ನು ಕೇಳಲಿ, ಜೆಟ್ಟಿನ ಮೇಲೆ ಹಾದುಹೋಗುವ ಗಾಳಿಯ ವೇಗವು ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ.

ಪಿಸ್ಟನ್ನಿನ ತಳದಿಂದ ಒಂದು ಸೂಜಿಯು ಕೆಳಕ್ಕೆ ಇಳಿದು, ೦.೦೯೦ ಅಂಗುಲ ವ್ಯಾಸದ ಜೆಟ್ಟಿನೊಳಗೆ ನಿಂತಿದೆ. ಈ ಸೂಜಿಯು ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ. ಆದುದರಿಂದ ಪಿಸ್ಟನ್ನು ಏರಿದಾಗ ಸೂಜಿಯ ಸುತ್ತಲಿನ ಸಂದು ಹಿಗ್ಗಿ ಪೆಟ್ರೋಲೂ ಹೆಚ್ಚಾಗಿ ಬರುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲು, ಗಾಳಿ ಕುಗ್ಗಿದಂತೆ ಪೆಟ್ರೋಲು; ಒಂದೇ ಚಲನೆಯಿಂದ ಎರಡೂ ಹೊಂದಿಕೊಳ್ಳುವುದು ಈ ಉಪಕರಣದ ಜಾಣ್ಮೆ.

ಪಿಸ್ಟನ್ನಿನ ನಡುದಂಡದ ಟೊಳ್ಳಿನಲ್ಲಿ ತುಸು ಎಣ್ಣೆಯನ್ನು ತುಂಬಿರುತ್ತಾರೆ. ಥ್ರಾಟಲನ್ನು ಥಟ್ಟನೆ ತೆರೆದಾಗ ಈ ಎಣ್ಣೆಯು ಪಿಸ್ಟನ್ನು ಒಮ್ಮೆಲೇ ನೆಗೆಯದಂತೆ ತಡೆಯುತ್ತದೆ. ಆ ಕ್ಷಣದಲ್ಲಿ ಗಾಳಿಯ ವೇಗವು ಹೆಚ್ಚಿ ಬೆರಕೆಯು ಕೊಂಚ ದಟ್ಟವಾಗುವುದರಿಂದ ಕಾರು ತಡವರಿಸದೆ ಮುನ್ನುಗ್ಗುತ್ತದೆ. ಎಣ್ಣೆ ಆರಿಹೋದ ಕಾರು ತುಳಿದೊಡನೆ ಒಮ್ಮೆ ಮುಗ್ಗರಿಸುವುದು ಇದರಿಂದಲೇ.

ಕಿಡಿಯ ಹುಟ್ಟು

ಬ್ಯಾಟರಿಯಲ್ಲಿರುವುದು ಹನ್ನೆರಡೇ ವೋಲ್ಟು. ಸಿಲಿಂಡರಿನೊಳಗೆ ಅದುಮಿದ ಬೆರಕೆಯಲ್ಲಿ, ಪ್ಲಗ್ಗಿನ ೦.೦೨೫ ಅಂಗುಲದ ಸಂದನ್ನು ಹಾರಲು ಅನೇಕ ಸಾವಿರ ವೋಲ್ಟು ಬೇಕು. ಇದನ್ನು ಒದಗಿಸುವ ತತ್ತ್ವವು ಮೈಕೇಲ್ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ. ಇಗ್ನಿಷನ್ ಕಾಯಿಲಿನಲ್ಲಿ ಒಂದೇ ಕಬ್ಬಿಣದ ಗರ್ಭದ ಮೇಲೆ ಎರಡು ಸುರುಳಿಗಳಿವೆ. ಕಡಿಮೆ ಸುತ್ತುಗಳ ದಪ್ಪ ತಂತಿಯಲ್ಲಿ ಮೂರು ನಾಲ್ಕು ಆಂಪೇರು ಪ್ರವಾಹ ಹರಿದು ಕಾಂತಕ್ಷೇತ್ರವು ಉಂಟಾಗುತ್ತದೆ. ಆ ಪ್ರವಾಹವನ್ನು ಫಕ್ಕನೆ ಕಡಿದರೆ ಕ್ಷೇತ್ರವು ಕುಸಿದು, ಸಾವಿರಾರು ಸುತ್ತುಗಳ ತೆಳು ತಂತಿಯಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ. ಕಡಿಯುವುದು ಎಷ್ಟು ಬೇಗನೋ ಕಿಡಿಯು ಅಷ್ಟು ಬಲವಾದುದು.

ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ‘ಪಾಯಿಂಟು’ಗಳದು. ನಾಲ್ಕು ಮೂಲೆಯ ಒಂದು ಕ್ಯಾಮು ತಿರುಗುತ್ತ ಅವುಗಳನ್ನು ತೆರೆದು ಮುಚ್ಚುತ್ತದೆ. ಪಕ್ಕದಲ್ಲಿರುವ ಕಂಡೆನ್ಸರು, ಪಾಯಿಂಟುಗಳು ತೆರೆಯುವಾಗ ಅಲ್ಲೇ ಕಿಡಿ ಹಾರಿ ಅವು ಸುಟ್ಟುಹೋಗದಂತೆಯೂ, ಪ್ರವಾಹವು ಚುರುಕಾಗಿ ನಿಲ್ಲುವಂತೆಯೂ ನೋಡಿಕೊಳ್ಳುತ್ತದೆ. ಹುಟ್ಟಿದ ಕಿಡಿಯನ್ನು ರೋಟರು ೧-೩-೪-೨ ಎಂಬ ಸರದಿಯಲ್ಲಿ ಸಿಲಿಂಡರುಗಳಿಗೆ ಹಂಚುತ್ತದೆ.

ಕ್ಯಾಮಿನ ಒಂದೊಂದು ಮೂಲೆಗೆ ೯೦ ಡಿಗ್ರಿ. ಅದರಲ್ಲಿ ಸುಮಾರು ೬೦ ಡಿಗ್ರಿಯಷ್ಟು ಕಾಲ ಪಾಯಿಂಟುಗಳು ಮುಚ್ಚಿರಬೇಕು. ಎಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರು ಅದರ ಅರ್ಧ ವೇಗದಲ್ಲಿ, ಎಂದರೆ ಸೆಕೆಂಡಿಗೆ ೨೫ ಸುತ್ತು, ತಿರುಗುತ್ತದೆ. ಹಾಗಾದರೆ ಕಾಯಿಲು ಕಾಂತಶಕ್ತಿಯನ್ನು ತುಂಬಿಕೊಳ್ಳಲು ದೊರೆಯುವ ಅವಕಾಶ ಸೆಕೆಂಡಿನ ೧೫೦ರಲ್ಲಿ ಒಂದು ಭಾಗ ಮಾತ್ರ. ಪಾಯಿಂಟುಗಳ ಸಂದು ಅಗತ್ಯಕ್ಕಿಂತ ಹೆಚ್ಚಾದರೆ ಈ ಅವಕಾಶವೂ ಕುಗ್ಗಿ, ವೇಗದಲ್ಲಿ ಕಿಡಿಯು ಸೊರಗುತ್ತದೆ.

ಕಿಡಿಯ ಮುಹೂರ್ತ

ಪಿಸ್ಟನ್ನು ತುತ್ತತುದಿಗೆ ಬಂದಾಗಲೇ ಕಿಡಿ ಹಾರಿದರೆ ಸಾಲದೆ? ಸಾಲದು. ಬೆರಕೆಯು ಒಮ್ಮೆಲೇ ಸಿಡಿಯುವುದಿಲ್ಲ. ಜ್ವಾಲೆಯು ಪ್ಲಗ್ಗಿನಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಹಬ್ಬಲು ಕೆಲವು ಮಿಲಿಸೆಕೆಂಡುಗಳು ಹಿಡಿಯುತ್ತವೆ. ಒತ್ತಡವು ಗರಿಷ್ಠವಾಗುವುದು ಪಿಸ್ಟನ್ನು ತುದಿಯನ್ನು ದಾಟಿ ಇಳಿಯತೊಡಗಿದ ಮೇಲೆ ಇರಬೇಕಾದರೆ, ಕಿಡಿಯು ತುದಿಗಿಂತ ಮುಂಚೆಯೇ ಹಾರಬೇಕು.

ಈ ಎಂಜಿನಿಗೆ ನಿಮಿಷಕ್ಕೆ ೬೦೦ ಸುತ್ತಿನ ನಿಧಾನಗತಿಯಲ್ಲಿ ೧೪ ಡಿಗ್ರಿ ಮುಂಚೆ ಎಂದು ಗೊತ್ತುಮಾಡಿದೆ. ಆ ವೇಗದಲ್ಲಿ ೧೪ ಡಿಗ್ರಿಗೆ ಹಿಡಿಯುವ ಕಾಲ ಸುಮಾರು ೩.೯ ಮಿಲಿಸೆಕೆಂಡು. ೩೦೦೦ ಸುತ್ತಿನ ವೇಗದಲ್ಲಿ ಅದೇ ೧೪ ಡಿಗ್ರಿಯು ೦.೮ ಮಿಲಿಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಕಳೆದುಹೋಗುತ್ತದೆ. ವೇಗವು ಹೆಚ್ಚಿದಾಗ ಸಿಲಿಂಡರಿನೊಳಗಣ ಗಾಳಿಯ ಸುಳಿಗಳೂ ಹೆಚ್ಚಿ ಜ್ವಾಲೆಯು ಚುರುಕಾಗುತ್ತದೆಂಬುದು ನಿಜ. ಆದರೂ ಅಷ್ಟರಿಂದ ಸಾಲದು. ಅದಕ್ಕಾಗಿ ಡಿಸ್ಟ್ರಿಬ್ಯೂಟರಿನ ತಳದಲ್ಲಿ ಎರಡು ತೂಕದ ತುಂಡುಗಳನ್ನಿಟ್ಟು ಸ್ಪ್ರಿಂಗುಗಳಿಂದ ಬಿಗಿದಿದ್ದಾರೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಚಿಮ್ಮಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಕಿಡಿಯು ಇನ್ನಷ್ಟು ಮುಂಚಿತವಾಗುತ್ತದೆ. ಥ್ರಾಟಲು ಸ್ವಲ್ಪವೇ ತೆರೆದಿರುವಾಗ ಸಿಲಿಂಡರಿನಲ್ಲಿ ಬೆರಕೆಯು ವಿರಳವಾಗಿದ್ದು ನಿಧಾನವಾಗಿ ಉರಿಯುವುದರಿಂದ, ಆಗ ಕಿಡಿಯನ್ನು ಮತ್ತಷ್ಟು ಮುಂಚಿತವಾಗಿಸಲು ಹೀರುವಿಕೆಯಿಂದ ನಡೆಯುವ ಒಂದು ಪೊರೆಯ ಡಬ್ಬಿಯೂ ಇದೆ.

ಕೆಲಸದ ಕ್ರಮ

ಎಂಜಿನು ಕೆಟ್ಟರೆ ಮೊದಲು ಕಾರ್ಬುರೇಟರಿನ ತಿರುಪುಗಳಿಗೆ ಕೈ ಹಾಕುವುದು ಹಲವರ ಅಭ್ಯಾಸ. ಇದು ತಪ್ಪು ದಾರಿ. ಕಾರ್ಬುರೇಟರಿನ ರೋಗಗಳಲ್ಲಿ ಹೆಚ್ಚಿನವು ಇಗ್ನಿಷನ್ನಿನಲ್ಲಿವೆ ಎಂಬ ಮಾತೇ ಮೆಕ್ಯಾನಿಕರಲ್ಲಿ ಪ್ರಚಲಿತವಾಗಿದೆ. ಕೆಲಸದ ಕ್ರಮ ಹೀಗಿರಬೇಕು: ಕವಾಟ, ಪ್ಲಗ್ಗು, ಪಾಯಿಂಟು, ಕಿಡಿಯ ವೇಳೆ, ಕಡೆಗೆ ಕಾರ್ಬುರೇಟರು. ಪ್ರತಿಯೊಂದೂ ತನ್ನ ಮುಂದಿನದನ್ನು ಬದಲಾಯಿಸುವುದೇ ಈ ಕ್ರಮಕ್ಕೆ ಕಾರಣ.

ಮೊದಲನೆಯದು ಕವಾಟ. ತಣ್ಣಗಿರುವ ಎಂಜಿನಿನಲ್ಲಿ ಕವಾಟದ ತುದಿಗೂ ಅದನ್ನೊತ್ತುವ ರಾಕರಿಗೂ ನಡುವೆ ೦.೦೧೫ ಅಂಗುಲದ ಸಂದಿರಬೇಕು. ಸಂದು ಇಲ್ಲವಾದರೆ ಕವಾಟವು ಪೂರ್ತಿ ಮುಚ್ಚದೆ ಅನಿಲವು ಸೋರುತ್ತದೆ, ಹೀರುವಿಕೆಯು ಏರುಪೇರಾಗುತ್ತದೆ. ಎಂಟು ಕವಾಟಗಳನ್ನು ಪರೀಕ್ಷಿಸಲು ಒಂದು ಸುಲಭ ಗಣಿತವಿದೆ. ಯಾವ ಕವಾಟವು ಪೂರ್ತಿ ತೆರೆದಿದೆಯೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆಯಿರಿ; ಉಳಿದ ಸಂಖ್ಯೆಯ ಕವಾಟವನ್ನು ಆಗ ಅಳೆಯಬಹುದು. ಎಂಟನೆಯದು ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು, ಹೀಗೆ ಮುಂದುವರಿಯಬೇಕು.

ಎರಡನೆಯದು ಪ್ಲಗ್ಗು. ನಾಲ್ಕನ್ನೂ ಬಿಚ್ಚಿ ಸಾಲಾಗಿಟ್ಟು ನೋಡಿದರೆ ಎಂಜಿನಿನ ಜಾತಕವೇ ತಿಳಿಯುತ್ತದೆ. ತಿಳಿಕಂದು ಬಣ್ಣ ಆರೋಗ್ಯದ ಗುರುತು. ಒಣ ಕರಿಮಸಿ ದಟ್ಟ ಬೆರಕೆಯದು. ಸುಣ್ಣದಂಥ ಬಿಳುಪು ತೆಳು ಬೆರಕೆಯದು ಅಥವಾ ಅತಿ ಕಾವಿನದು. ಒಂದರಲ್ಲಿ ಮಾತ್ರ ಎಣ್ಣೆಯ ಜಿಡ್ಡಿದ್ದರೆ ರೋಗವಿರುವುದು ಆ ಸಿಲಿಂಡರಿನೊಳಗೆ; ಅದು ಟ್ಯೂನಿಂಗಿನಿಂದ ವಾಸಿಯಾಗುವಂಥದಲ್ಲ.

ಮೂರನೆಯದು ಪಾಯಿಂಟು. ಕ್ಯಾಮಿನ ಮೂಲೆಯು ಪಾಯಿಂಟುಗಳನ್ನು ಪೂರ್ತಿ ತೆರೆದಿರುವಾಗ ಫೀಲರ್ ಗೇಜಿನಿಂದ ೦.೦೧೪ರಿಂದ ೦.೦೧೬ ಅಂಗುಲಕ್ಕೆ ಸಂದನ್ನು ನಿಲ್ಲಿಸಬೇಕು. ಸಂದನ್ನು ಹಿಗ್ಗಿಸಿದರೆ ಪಾಯಿಂಟುಗಳು ಬೇಗ ತೆರೆಯುತ್ತವೆ, ಎಂದರೆ ಕಿಡಿಯ ವೇಳೆಯೇ ಬದಲಾಗುತ್ತದೆ. ಆದುದರಿಂದಲೇ ವೇಳೆಯನ್ನು ಇದಾದ ಮೇಲೆ ಗೊತ್ತುಮಾಡಬೇಕು.

ನಾಲ್ಕನೆಯದು ಕಿಡಿಯ ವೇಳೆ. ಎಂಜಿನಿನ ಮುಂಭಾಗದ ರಾಟೆಯ ಮೇಲೊಂದು ಕಚ್ಚು, ಅದರ ಬಳಿ ಡಿಗ್ರಿಗಳ ಸೂಚಿಗಳು ಇವೆ. ನಿಂತ ಎಂಜಿನಿನಲ್ಲಿ ೧೦ ಡಿಗ್ರಿಗೆ ಕಚ್ಚನ್ನು ತಂದು, ಡಿಸ್ಟ್ರಿಬ್ಯೂಟರಿನ ತಂತಿಯ ತುದಿಗೂ ಎಂಜಿನಿನ ಲೋಹಕ್ಕೂ ನಡುವೆ ೧೨ ವೋಲ್ಟಿನ ಸಣ್ಣ ಬಲ್ಬನ್ನು ಜೋಡಿಸಿ ಸ್ವಿಚ್ಚನ್ನು ಹಾಕಬೇಕು. ಪಾಯಿಂಟುಗಳು ಮುಚ್ಚಿರುವವರೆಗೆ ಪ್ರವಾಹವು ಅವುಗಳ ಮೂಲಕವೇ ಹರಿದು ಬಲ್ಬು ಆರಿರುತ್ತದೆ. ತೆರೆದ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನ ಮೈಯನ್ನು ಮೆಲ್ಲನೆ ತಿರುಗಿಸಿ, ಬಲ್ಬು ಹೊತ್ತುವ ಜಾಗದಲ್ಲಿ ಬಿಗಿದರಾಯಿತು. ಬಳಿಕ ಎಂಜಿನನ್ನು ನಡೆಸಿ, ಕಿಡಿಯೊಡನೆ ಮಿನುಗುವ ಸ್ಟ್ರೋಬೋಸ್ಕೋಪು ದೀಪವನ್ನು ರಾಟೆಯ ಮೇಲೆ ಹಾಯಿಸಿದರೆ, ತಿರುಗುತ್ತಿರುವ ಕಚ್ಚು ನಿಂತಂತೆ ಕಾಣುತ್ತದೆ. ಅದರಿಂದ ೬೦೦ ಸುತ್ತಿನಲ್ಲಿ ೧೪ ಡಿಗ್ರಿಯನ್ನು ತಾಳೆ ನೋಡಬಹುದು.

ಜೋಡಿ ಕಾರ್ಬುರೇಟರು

ಈಗ ಕಾರ್ಬುರೇಟರಿನ ಸರದಿ. ಎಂಜಿನು ಚೆನ್ನಾಗಿ ಕಾದಿರಬೇಕು. ಗಾಳಿ ಶೋಧಕಗಳನ್ನು ಬಿಚ್ಚಿರಬೇಕು. ಎರಡು ಕಾರ್ಬುರೇಟರುಗಳೂ ಒಂದೇ ಪ್ರಮಾಣದ ಗಾಳಿಯನ್ನು ಎಳೆಯುವಂತೆ ಮಾಡುವುದು ಮೊದಲ ಹೆಜ್ಜೆ. ಎರಡನ್ನೂ ಜೋಡಿಸುವ ದಂಡದ ಬಿಗಿತವನ್ನು ಸಡಿಲಿಸಿ, ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಗಾಳಿಯ ಬಾಯಿಗೂ ಹಿಡಿದು ಕೇಳಬೇಕು. ಎರಡರ ‘ಹಿಸ್’ ಎಂಬ ಸದ್ದೂ ಸಮನಾಗುವವರೆಗೆ ಥ್ರಾಟಲ್ ತಿರುಪುಗಳನ್ನು ಸರಿಪಡಿಸಬೇಕು. ಗಾಳಿಯನ್ನು ಅಳೆಯುವ ಉಪಕರಣಗಳುಂಟು. ಆದರೆ ಪಳಗಿದ ಕಿವಿಯು ಅವಕ್ಕಿಂತ ಬಹಳ ಹಿಂದೆ ಬೀಳುವುದಿಲ್ಲ.

ಎರಡನೆಯ ಹೆಜ್ಜೆ ಬೆರಕೆ. ಜೆಟ್ಟಿನ ಕೆಳಗಿರುವ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಬೆರಕೆ ತೆಳುವಾಗುತ್ತದೆ, ಕೆಳಕ್ಕೆ ತಿರುಗಿಸಿದರೆ ದಟ್ಟವಾಗುತ್ತದೆ. ಜೆಟ್ಟು ತನ್ನ ಸೇತುವೆಯ ಮಟ್ಟಕ್ಕೆ ಬರುವಂತೆ ಮಾಡಿ, ಅಲ್ಲಿಂದ ನಟ್ಟನ್ನು ಎರಡು ಪೂರ್ಣ ಸುತ್ತು ಇಳಿಸುವುದು ಆರಂಭದ ಸ್ಥಿತಿ. ನಟ್ಟಿಗೆ ಆರು ಮುಖಗಳು. ಮುಂದಿನ ತಿದ್ದುಪಡಿಯನ್ನು ಒಂದೊಂದೇ ಮುಖದಷ್ಟು ಮಾಡಬೇಕು.

ಪರೀಕ್ಷೆಯ ಬಗೆ ಸೊಗಸಾದುದು. ಗಾಳಿ ಪಿಸ್ಟನ್ನನ್ನು ಅದರ ಕಡ್ಡಿಯಿಂದ ಅಂಗುಲದ ಮೂವತ್ತೆರಡನೆಯ ಒಂದು ಭಾಗದಷ್ಟು ಮಾತ್ರ ಎತ್ತಬೇಕು. ಇದರಿಂದ ಬೆರಕೆಗೆ ಗಾಳಿ ತುಸು ಹೆಚ್ಚುತ್ತದೆ. ಎಂಜಿನಿನ ವೇಗವು ಏರಿ ಹಾಗೆಯೇ ನಿಂತರೆ, ಅದಕ್ಕೆ ಗಾಳಿಯ ಕೊರತೆಯಿತ್ತೆಂದಾಯಿತು, ಬೆರಕೆ ದಟ್ಟ. ವೇಗವು ಒಡನೆಯೇ ಕುಸಿದರೆ ಬೆರಕೆ ಮೊದಲೇ ತೆಳುವಾಗಿತ್ತು. ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ ಹದ ಸರಿಯಾಗಿದೆ. ಹೊಗೆಕೊಳವೆಯ ಸದ್ದೂ ಇದಕ್ಕೆ ಸಾಕ್ಷಿ: ತಾಳಬದ್ಧವಾಗಿ ಎಡವುತ್ತ ಕಪ್ಪು ಹೊಗೆ ಬಂದರೆ ದಟ್ಟ, ಬಣ್ಣವಿಲ್ಲದ ಹೊಗೆಯೊಡನೆ ತಾಳವಿಲ್ಲದೆ ಚಿಲ್ಲೆಂದು ಎಡವಿದರೆ ತೆಳು. ಒಂದನ್ನು ತಿದ್ದಿದರೆ ಇನ್ನೊಂದರ ಮೇಲೂ ಪರಿಣಾಮವಾಗುವುದರಿಂದ ಎರಡನ್ನೂ ಸರದಿಯಂತೆ ಮತ್ತೆ ಮತ್ತೆ ಪರೀಕ್ಷಿಸಬೇಕು. ಕೊನೆಯಲ್ಲಿ ಜೋಡುದಂಡವನ್ನು ಬಿಗಿಯುವುದನ್ನು ಮರೆಯಬಾರದು.

ತಪ್ಪಿದರೆ ಆಗುವುದೇನು?

ಹದ ತಪ್ಪಿದ ಎಂಜಿನಿನಿಂದ ಪೆಟ್ರೋಲಿನ ನಷ್ಟ ಮಾತ್ರವೆಂದು ತಿಳಿಯಬಾರದು. ಕಿಡಿಯು ಅತಿಯಾಗಿ ಮುಂಚಿತವಾದರೆ, ಜ್ವಾಲೆಯು ಇನ್ನೂ ತಲುಪದ ಮೂಲೆಯ ಬೆರಕೆಯು ಒತ್ತಡ ಕಾವುಗಳಿಗೆ ಸಿಕ್ಕಿ ತಾನಾಗಿಯೇ ಸಿಡಿಯುತ್ತದೆ. ಹೊರಗೆ ಕೇಳುವ ‘ಟಿಣ್ ಟಿಣ್’ ಸದ್ದು ಇದರದೇ. ಬೆರಕೆಯೂ ತೆಳುವಾಗಿದ್ದರಂತೂ ಪಿಸ್ಟನ್ನಿನ ನೆತ್ತಿಯು ಕರಗಿ ತೂತಾಗುವ ಅಪಾಯವುಂಟು. ದಟ್ಟ ಬೆರಕೆಯ ಅಪಾಯ ಮನುಷ್ಯನಿಗೇ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನು ನಡೆಸುವುದು ಪ್ರಾಣಕ್ಕೆ ಎರವು. ಈ ಕೆಲಸವನ್ನು ಬಯಲಿನಲ್ಲಿಯೇ ಮಾಡತಕ್ಕದ್ದು.

ಇನ್ನೊಂದು ಸಂಗತಿ. ಹಳೆಯ ಕೈಪಿಡಿಯ ಅಳತೆಗಳು ಆ ಕಾಲದ ಪೆಟ್ರೋಲಿಗೆ ಹೇಳಿದವು. ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿಯು ಸಿಡಿತವನ್ನು ತಡೆಯಬಲ್ಲುದೆಂದು ಕಂಡುಕೊಂಡ ಸೀಸದ ಸಂಯುಕ್ತವನ್ನು ಅಂದು ಪೆಟ್ರೋಲಿಗೆ ಬೆರೆಸುತ್ತಿದ್ದರು. ವಿಷವಾದ ಕಾರಣ ಬ್ರಿಟನ್ನಿನಲ್ಲಿ ೧೯೯೯ರ ಕೊನೆಯ ಹೊತ್ತಿಗೆ ಅದರ ಸಾರ್ವತ್ರಿಕ ಮಾರಾಟವು ನಿಂತಿತು. ಆ ಸೀಸವು ಹೊರಕವಾಟದ ಪೀಠಗಳನ್ನು ಸವೆಯದಂತೆಯೂ ಕಾಯುತ್ತಿತ್ತು. ಈಗ ಪೀಠ ಸವೆದು ಕವಾಟವು ಒಳಗಿಳಿದರೆ ಅದರ ಸಂದು ಮುಚ್ಚಿಕೊಳ್ಳುತ್ತ ಬರುತ್ತದೆ. ಗಟ್ಟಿ ಪೀಠಗಳನ್ನು ಹಾಕಿಸದ ಎಂಜಿನುಗಳಲ್ಲಿ ಕವಾಟವನ್ನು ಆಗಾಗ್ಗೆ ಅಳೆಯಬೇಕು.

ಈಚೆಗೆ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಬ್ರಿಟನ್ನಿನಲ್ಲಿ ೨೦೨೧ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ೧೦ ಭಾಗದವರೆಗೆ ಇದಕ್ಕೆ ಅವಕಾಶವಿದೆ. ಭಾರತದಲ್ಲಿ ೨೦೨೫ರ ಹೊತ್ತಿಗೆ ಬೆರಕೆಯು ನೂರಕ್ಕೆ ೨೦ ಭಾಗಕ್ಕೆ ಏರಿತು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಒಂದಕ್ಕೆ ಒಂಬತ್ತು ಪಾಲು ಗಾಳಿ ಸಾಕು. ನೂರಕ್ಕೆ ೨೦ ಭಾಗ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿ ೧೪.೭ ಅಲ್ಲ, ಸುಮಾರು ೧೩.೫. ಶುದ್ಧ ಪೆಟ್ರೋಲಿಗೆಂದು ಹದಗೊಳಿಸಿದ ಜೆಟ್ಟು ಈಗ ನೂರಕ್ಕೆ ಏಳೆಂಟು ಭಾಗ ತೆಳು ಬೆರಕೆಯನ್ನು ಕೊಟ್ಟಂತಾಯಿತು. ಹೊಸ ಕಾರಿನ ಗಣಕಯಂತ್ರವು ಇದನ್ನು ತಾನೇ ತಿದ್ದಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಯಾರಾದರೂ ಸ್ಪ್ಯಾನರು ಹಿಡಿದು ನಟ್ಟನ್ನು ಇಳಿಸಬೇಕು. ಎಥನಾಲು ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುವುದರಿಂದ ಅವನ್ನೂ ಬದಲಾಯಿಸಬೇಕಾಗುತ್ತದೆ.

ಈ ಎಂಜಿನು ನಮಗೆ ತೀರ ಅಪರಿಚಿತವಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಾಡಿದ, ೨೦೧೪ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರಿನ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನು ಇದೇ ‘ಬಿ’ ಶ್ರೇಣಿಗೆ ಸೇರಿದುದು. ಅಂಥ ಕಾರೊಂದು ಇನ್ನೂ ನಡೆಯುತ್ತಿರುವ ಗ್ಯಾರೇಜು ಸಿಕ್ಕರೆ, ವಿದ್ಯಾರ್ಥಿಗಳು ಒಂದು ದಿನ ಅಲ್ಲಿ ನಿಂತು ನೋಡುವುದು ಒಳ್ಳೆಯದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸಿದ ಮೇಲೆ ಪರೀಕ್ಷಿಸುವುದು, ಕಂಡುದನ್ನು ಬರೆದಿಡುವುದು ಇವು ಮೂರು ಪ್ರಯೋಗಶಾಲೆಯ ನಿಯಮಗಳು. ಒಳ್ಳೆಯ ಮೆಕ್ಯಾನಿಕನು ಅವುಗಳನ್ನು ನಿತ್ಯವೂ ಪಾಲಿಸುತ್ತಿರುತ್ತಾನೆ. ಎರಡು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಎಂಜಿನು ಸರಿಹೋದರೂ ಕಾರಣ ತಿಳಿಯದು, ಕೆಟ್ಟರೂ ಕಾರಣ ತಿಳಿಯದು.